ಬಾಂಡ್ ಪೇಪರ್ ಮೇಲೆ ಒತ್ತಿದ ಹೆಬ್ಬೆಟ್ಟು

ಸಿಂಧನೂರು ಕಡೆಯ ನಮ್ಮ ಸೋದರತ್ತೆ ಹೋದ ಬೇಸಿಗೆಯಲ್ಲಿ ತನ್ನ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗಿಟ್ಟಳು. ಒಳಗೆ ನಾಲ್ಕು ಮಡಿಕೆಯ ಒಂದು ಬಾಂಡ್ ಪೇಪರ್. ಮಡಿಕೆ ಬಿದ್ದ ಕಡೆಯೆಲ್ಲ ಸವೆದು ಬೆಳಕು ಕಾಣುತ್ತಿತ್ತು. ಕೆಳಗೆ ಎಡಗಡೆ ನೇರಳೆ ಇಂಕಿನ ಹೆಬ್ಬೆಟ್ಟು, ಅದರ ಪಕ್ಕ ಊರಿನ ಇಬ್ಬರು ಹಿರಿಯರ ಸಹಿ. "ಪಹಣಿ ಬದಲಾಯಿಸೋಕೆ ಬೇಕು ಅಂದ್ರು, ಒತ್ತಿದೆ. ಏನು ಬರೆದಿದ್ದಾರೆ ಓದು" ಅಂದಳು. ಓದಿದೆ. ಒಂದು ಸೀರೆ, ಅರಿಶಿನ ಕುಂಕುಮ ಮತ್ತು ಹತ್ತು ಸಾವಿರ ರೂಪಾಯಿ ಪಡೆದು ತವರಿನ ಜಮೀನಿನ ಹಕ್ಕನ್ನೆಲ್ಲ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ, ಮುಂದೆ ನಾನಾಗಲಿ ನನ್ನ ಮಕ್ಕಳಾಗಲಿ ಕೇಳುವುದಿಲ್ಲ ಅಂತ ಇತ್ತು. ಅದು ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿಯುವ ಹೊಲ. ವರ್ಷಕ್ಕೆ ಎರಡು ಬೆಳೆ ಭತ್ತ ಕಂಡ ಹೊಲ.

ಅತ್ತೆಗೆ ನಾನು ಅವತ್ತು ಏನೂ ಹೇಳಲಿಲ್ಲ. ಆ ಕಾಗದಕ್ಕೆ ನಿಜವಾಗಿ ಎಷ್ಟು ಬೆಲೆ ಅಂತ ತಿಳಿದುಕೊಳ್ಳಲು ವಕೀಲರ ಹತ್ತಿರ, ತಹಶೀಲ್ದಾರ್ ಕಚೇರಿ ಹತ್ತಿರ ಅಲೆದಾಡುವಾಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಅಪ್ಪ ಸತ್ತ ಮೇಲೆ ಪಾಲು ಮಾಡುವುದು, ಗಂಡ ಹೆಂಡತಿ ಬೇರೆಯಾಗುವುದು, ರಸ್ತೆಯಲ್ಲಿ ಲಾರಿ ಗುದ್ದಿ ಕಾಲು ಮುರಿದದ್ದು, ಮೂರೂ ಮೊದಲು ಬಂದು ನಿಲ್ಲುವುದು ಹಿರಿಯರ ಕಟ್ಟೆಯ ಮೇಲೆ. ಮೂರೂ ಮುಗಿಯುವುದು ಇಂಥದ್ದೇ ಒಂದು ಬಾಂಡ್ ಪೇಪರ್‌ನಲ್ಲಿ. ಹಿರಿಯರು ಕೂತು ರಾಜಿ ಮಾಡಿಸುವುದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಆದರೆ ಬಾಂಡ್ ಪೇಪರ್ ಅನ್ನುವುದು ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಿದ್ದಕ್ಕೆ ಸಿಕ್ಕ ರಸೀದಿ ಮಾತ್ರ. ಅದರ ಮೇಲೆ ಬರೆದ ಮಾತಿಗೆ ಅದರಿಂದಲೇ ಯಾವ ಬಲವೂ ಬರುವುದಿಲ್ಲ. ಇಷ್ಟು ಗೊತ್ತಿಲ್ಲದೆ ನಮ್ಮ ಜನ, ಅದರಲ್ಲೂ ಹೆಣ್ಣುಮಕ್ಕಳು, ಕಳೆದುಕೊಂಡದ್ದು ಬಹಳ.

ಅತ್ತೆಯ ಕಾಗದಕ್ಕೇ ಬರುತ್ತೇನೆ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಜಮೀನು, ಮನೆಯ ಹಕ್ಕನ್ನು ಬಿಟ್ಟುಕೊಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗಿಲ್ಲ ಅಂದರೆ ಆ ಪತ್ರದಿಂದ ಹಕ್ಕು ಹೋಗುವುದಿಲ್ಲ. ಅತ್ತೆಯದು ಆಗಿಲ್ಲ. ಹಾಗಾಗಿ ಅವಳ ಪಾಲು ಇದ್ದಲ್ಲೇ ಇದೆ. ನೋಂದಣಿ ಆಗಿದ್ದರೆ ಕಥೆ ಬೇರೆ. ಮೋಸದಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು ಅಂತ ಆಗ ಅವಳೇ ಸಾಬೀತು ಮಾಡಬೇಕಿತ್ತು. ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಒಳಗೆ ಕೋರ್ಟಿಗೂ ಹೋಗಬೇಕಿತ್ತು.

"ಅಪ್ಪ ತೀರಿಕೊಂಡು ಇಪ್ಪತ್ತೈದು ವರ್ಷ ಆಯ್ತು, ಈಗ ಕೇಳಿದರೆ ನಡೆಯುತ್ತಾ?" ಇದು ಎಲ್ಲರೂ ಕೇಳುವ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ಅದಕ್ಕೆ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರ್ 9ರಿಂದ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಿಂದ, ನಮ್ಮದೇ ಒಂದು ತಿದ್ದುಪಡಿ ಇತ್ತು. ಆದರೆ ಅದು ಜಾರಿಗೆ ಬರುವ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರದ್ದು ಅವರನ್ನೂ ಒಳಗೆ ತಂದಿತು. ಆಮೇಲೆ ವರ್ಷಗಟ್ಟಲೆ ಒಂದು ಜಗಳ ನಡೆಯಿತು, 2005ರ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕಾ ಬೇಡವಾ ಅಂತ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಗಿಸಿತು. ಹಕ್ಕು ಬರುವುದು ಹುಟ್ಟಿನಿಂದ, ಅಪ್ಪ ಯಾವಾಗ ತೀರಿಕೊಂಡ ಅನ್ನುವುದರಿಂದ ಅಲ್ಲ ಅಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಮುಟ್ಟುವಂತಿಲ್ಲ. ಅದಕ್ಕೇ ಈಗ ಅಣ್ಣತಮ್ಮಂದಿರು "ಆಗಲೇ ಬಾಯಿಮಾತಿನಲ್ಲಿ ಪಾಲಾಗಿತ್ತು" ಅನ್ನುತ್ತಾರೆ. ಬಾಯಿಮಾತನ್ನು ಕೋರ್ಟ್ ಸುಲಭಕ್ಕೆ ನಂಬುವುದಿಲ್ಲ. ಆಗಿನ ಸರ್ಕಾರಿ ದಾಖಲೆಯ ಬೆಂಬಲ ಬೇಕು.

ಅಪ್ಪ ಸ್ವಂತ ದುಡಿದು ತೆಗೆದುಕೊಂಡ ಆಸ್ತಿ ಆದರೆ ಲೆಕ್ಕ ಇನ್ನೂ ಸುಲಭ. ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವನ ತಾಯಿ, ಎಲ್ಲರಿಗೂ ಸಮಪಾಲು. ಹತ್ತು ಎಕರೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಬದುಕಿರುವ ಅಜ್ಜಿ ಅಂದುಕೊಳ್ಳಿ. ತಲಾ ಎರಡು ಎಕರೆ. ನಾನು ನೋಡಿದ ವಂಶವೃಕ್ಷದ ಅರ್ಜಿಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನಾದರೂ ಬರೆದಿರುತ್ತಾರೆ, ಮಗನನ್ನು ಕಳೆದುಕೊಂಡ ಆ ಅಜ್ಜಿಯ ಹೆಸರು ಮಾತ್ರ ಇರುವುದೇ ಇಲ್ಲ.

ಎರಡನೇ ಹೆಂಡತಿ ಮಕ್ಕಳ ವಿಷಯ ನಮ್ಮ ಕಡೆ ಜಾಸ್ತಿ, ಆದರೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊದಲ ಹೆಂಡತಿ ಇರುವಾಗಲೇ ಆದ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ, ಆ ಹೆಂಡತಿ ವಾರಸುದಾರಳಾಗುವುದಿಲ್ಲ. ಮಕ್ಕಳು ಮಾತ್ರ ಮಕ್ಕಳೇ. ಅಪ್ಪನ ಸ್ವಂತ ಆಸ್ತಿಯಲ್ಲೂ, ಕೂಡು ಕುಟುಂಬದಲ್ಲಿ ಅಪ್ಪನ ಭಾಗಕ್ಕೆ ಬರುವ ಪಾಲಿನಲ್ಲೂ ಅವರಿಗೆ ಪಾಲಿದೆ ಅಂತ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದೆ. ಅಜ್ಜ, ದೊಡ್ಡಪ್ಪ, ಚಿಕ್ಕಪ್ಪಂದಿರ ಪಾಲಿನ ಮೇಲೆ ಹುಟ್ಟಿನಿಂದ ಬರುವ ಹಕ್ಕು ಅವರಿಗಿಲ್ಲ.

ಇದೆಲ್ಲ ಹಿಂದೂ ಕುಟುಂಬಗಳ ಮಾತು. ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಅನ್ನುವುದಿಲ್ಲ. ಸತ್ತ ಮೇಲೆ ಶರೀಅತ್ ಪ್ರಕಾರ ಪಾಲು, ಮಗಳಿಗೆ ಮಗನ ಅರ್ಧ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಬರೆಯುವಂತಿಲ್ಲ.

ಇನ್ನು ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಲ್ಲಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಪೌತಿ ಅನ್ನುವ ಮಾತೇ ಉರ್ದು, ಪಾರಸಿ ಕಡೆಯಿಂದ ಬಂದದ್ದು, ಸಾವು ಅಂತ ಅರ್ಥ. ನಿಜಾಮರ ಕಾಲ ಹೋದರೂ ಮಾತು ಉಳಿದಿದೆ. ನಾಡಕಚೇರಿಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಕೊಟ್ಟು ಅರ್ಜಿ ಹಾಕಿದರೆ ನೋಟಿಸ್ ಆಗುತ್ತದೆ. ತಕರಾರು ಹೇಳಲು ಇಂತಿಷ್ಟು ದಿನ ಅಂತ ಸಮಯ ಇರುತ್ತದೆ, ಆಮೇಲೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಈಗ ಸರ್ಕಾರವೇ ಆಂದೋಲನ ಮಾಡಿ ಊರೂರಿಗೆ ಬಂದು ಪೌತಿ ಖಾತೆ ಮಾಡಿಕೊಡುತ್ತಿದೆ. ಒಳ್ಳೆಯದೇ. ಸತ್ತವರ ಹೆಸರಿನಲ್ಲಿ ಪಹಣಿ ಇದ್ದರೆ ಬೆಳೆ ಸಾಲ ಸಿಗುವುದು, ಬೆಳೆ ಪರಿಹಾರ ಬರುವುದು ಎಲ್ಲ ಕಷ್ಟ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಬ್ಬ ಮಾಲೀಕನಾಗುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಇನ್ನೊಬ್ಬಳು ಹಕ್ಕು ಕಳೆದುಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಎಷ್ಟು ಸಲ ಹೇಳಿದೆಯೋ ಲೆಕ್ಕವಿಲ್ಲ. ಹಾಗಂತ ಸುಮ್ನೆ ಕೂರಬಾರದು. ಅಣ್ಣನೊಬ್ಬನ ಹೆಸರಿಗೇ ಪಹಣಿ ಬಂದರೆ ಅವನು ಮಾರಬಹುದು, ಸಾಲ ತೆಗೆಯಬಹುದು, ಆಮೇಲೆ ಖರೀದಿ ಮಾಡಿದವರ ಜೊತೆಗೂ ನೀವೇ ಗುದ್ದಾಡಬೇಕು. ಅದಕ್ಕೇ ನೋಟಿಸಿನ ಆ ಗಡುವಿನೊಳಗೇ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ತಡವಾಗಿದ್ದರೆ ಸಹಾಯಕ ಆಯುಕ್ತರ ಹತ್ತಿರ ಮೇಲ್ಮನವಿ ಇದೆ. ಆದರೆ ಪಾಲು ತೀರ್ಮಾನ ಆಗುವುದು ಸಿವಿಲ್ ಕೋರ್ಟಿನಲ್ಲೇ.

ಎಲ್ಲರೂ ಮನಸಾರೆ ಒಪ್ಪಿದ್ದರೆ ವಿಭಾಗ ಪತ್ರ ನೋಂದಣಿ ಮಾಡಿಸುವುದು ಅಷ್ಟೇನೂ ದುಬಾರಿಯಲ್ಲ. ಕುಟುಂಬದ ಒಳಗಿನ ಪಾಲು, ದಾನ, ಹಕ್ಕು ಬಿಡುಗಡೆಗೆ ಕರ್ನಾಟಕದಲ್ಲಿ ನಿಗದಿತ ಮುದ್ರಾಂಕ ಶುಲ್ಕ. ಖರೀದಿಯ ಹಾಗೆ ಜಮೀನಿನ ಬೆಲೆಯ ಮೇಲೆ ಶೇಕಡಾವಾರು ಅಲ್ಲ. ಸರ್ವೆ ನಂಬರ್ ಒಡೆಯಬೇಕಾದರೆ 11ಇ ನಕ್ಷೆ, ಅಂದರೆ ಒಡೆದ ತುಂಡಿನ ಸರ್ವೆ ನಕ್ಷೆ, ಮೊದಲೇ ಮಾಡಿಸಬೇಕು, ಸಮಯ ಹಿಡಿಯುವುದು ಅದಕ್ಕೇ.

ಪ್ರೊಬೇಟ್ ಬೇಕಾ ಅಂತ ವಿಲ್ ಇರುವವರು ಗಾಬರಿಯಿಂದ ಕೇಳುತ್ತಾರೆ. ಪ್ರೊಬೇಟ್ ಅಂದರೆ ಈ ವಿಲ್ ನಿಜವಾದದ್ದು ಅಂತ ಕೋರ್ಟ್ ಮುದ್ರೆ ಒತ್ತಿ ಕೊಡುವುದು. ಹಿಂದೂಗಳಿಗೆ ಅದು ಕಡ್ಡಾಯ ಇದ್ದದ್ದು ಹಳೆಯ ಬಂಗಾಳ ಪ್ರಾಂತ್ಯಕ್ಕೆ, ಮತ್ತೆ ಮದ್ರಾಸ್, ಮುಂಬೈ ನಗರಗಳಿಗೆ. ಬಳ್ಳಾರಿ 1953ರವರೆಗೆ ಮದ್ರಾಸ್‌ಗೆ ಸೇರಿತ್ತಲ್ಲ ಅಂತ ಒಬ್ಬರು ಕೇಳಿದರು, ಒಳ್ಳೆಯ ಪ್ರಶ್ನೆಯೇ. ಆದರೆ ನಿಯಮ ಇದ್ದದ್ದು ಮದ್ರಾಸ್ ಹೈಕೋರ್ಟಿನ ನೇರ ವ್ಯಾಪ್ತಿಯ ನಗರಕ್ಕೆ, ಇಡೀ ಪ್ರಾಂತ್ಯಕ್ಕಲ್ಲ. ಆ ಕಡ್ಡಾಯ ನಿಯಮವನ್ನೂ 2025ರ ಡಿಸೆಂಬರ್‌ನಲ್ಲಿ ಸಂಸತ್ತು ತೆಗೆದುಹಾಕಿತು. ನಮಗೆ ಬೇಕಾದದ್ದು ಸರಿಯಾದ ವಿಲ್. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿ ಇರಲೇಬೇಕು. ಬರೆದವರು ಸಹಿ ಮಾಡಿದ್ದನ್ನು ಕಂಡು, ಅವರ ಎದುರಿಗೇ ಸಾಕ್ಷಿಗಳೂ ಸಹಿ ಮಾಡಿರಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಆದ್ದರಿಂದ ಎಂಬತ್ತು ವರ್ಷದ ಗೆಳೆಯನನ್ನು ಸಾಕ್ಷಿ ಹಾಕಬೇಡಿ, ಆಸ್ತಿ ಪಡೆಯುವ ಮಗನನ್ನಂತೂ ಬೇಡವೇ ಬೇಡ. ನೋಂದಣಿ ಮಾಡಿಸಿದರೆ ಅನುಮಾನ ಕಡಿಮೆ, ಮಾಡಿಸಿಬಿಡಿ.

ಬ್ಯಾಂಕಿನ ದುಡ್ಡಿಗೆ ಬಂದರೆ, ನಾಮಿನಿ ಅಂದರೆ ಮಾಲೀಕನಲ್ಲ. ಬ್ಯಾಂಕ್ ಅವರ ಕೈಗೆ ದುಡ್ಡು ಕೊಡುತ್ತದೆ, ಅವರು ಅದನ್ನು ವಾರಸುದಾರರಿಗೆ ಸೇರಿಸಬೇಕು. ಜೀವ ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಲೆಕ್ಕ ಬೇರೆ. ನಾಮಿನಿಯೇ ಇಲ್ಲದಿದ್ದರೆ ಹಿಂದೆ ಸಣ್ಣ ಮೊತ್ತಕ್ಕೂ ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರು ಅನ್ನುವ ಪ್ರಮಾಣಪತ್ರ) ತನ್ನಿ ಅನ್ನುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಕೊಟ್ಟಿದೆ. ತಕರಾರು ಇಲ್ಲದಿದ್ದರೆ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ, ಸರಳ ದಾಖಲೆಗಳ ಮೇಲೆಯೇ ಕೊಡಬೇಕು, ದಾಖಲೆ ಪೂರ್ತಿ ಕೊಟ್ಟ 15 ದಿನದೊಳಗೆ. ಮ್ಯಾನೇಜರ್ ಇಲ್ಲ ಅಂದರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ.

ಈಗ ಗಂಡ ಹೆಂಡತಿ ಬೇರೆಯಾಗುವ ವಿಷಯ. ಅದಕ್ಕೆ ಬರೆಯುವ ಚೀಟಿಗೆ ನಮ್ಮ ಕಡೆ ಸೋಡಚೀಟಿ ಅನ್ನುತ್ತೇವೆ. ಹಿರಿಯರ ಮುಂದೆ ತಾಳಿ ವಾಪಸ್, ಸಾಮಾನು ವಾಪಸ್, ಬಾಂಡ್ ಪೇಪರ್ ಮೇಲೆ ಇಬ್ಬರ ಸಹಿ, ನೋಟರಿ ಮುದ್ರೆ. ಮುಗಿಯಿತು ಅಂದುಕೊಂಡು ಹುಡುಗ ಮತ್ತೊಂದು ಮದುವೆ ಆಗುತ್ತಾನೆ. ಹುಡುಗಿಗೂ ತವರಿನವರು ಇನ್ನೊಂದು ಸಂಬಂಧ ನೋಡುತ್ತಾರೆ. ಕಾನೂನಿನ ಕಣ್ಣಿಗೆ ಅವರಿಬ್ಬರೂ ಇನ್ನೂ ಗಂಡ ಹೆಂಡತಿ. ನೋಟರಿಗೆ ವಿಚ್ಛೇದನ ಕೊಡುವ ಅಧಿಕಾರ ಇಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯ ವಿಚ್ಛೇದನ ಇದೆ, ಹಿಂದೂ ವಿವಾಹ ಕಾಯ್ದೆಯೂ ಅದನ್ನು ಒಪ್ಪುತ್ತದೆ, ಆದರೆ ಆ ರೂಢಿ ಹಳೆಯದು, ಈಗಲೂ ನಡೆಯುತ್ತಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಹೇಳಿದಷ್ಟು ಸುಲಭವಲ್ಲ. ಇದರ ಪೆಟ್ಟು ಬೀಳುವುದು ಆ ಎರಡನೇ ಮದುವೆಯ ಹೆಣ್ಣುಮಗಳ ಮೇಲೆ. ಗಂಡ ಅಪಘಾತದಲ್ಲಿ ಹೋದ ಮೇಲೆ ಪರಿಹಾರ ಕೇಳಲು ಬಂದಾಗ, ಪಿಂಚಣಿ ಕೇಳಲು ಬಂದಾಗ, ನೀನು ಹೆಂಡತಿಯೇ ಅಲ್ಲ ಅನ್ನುತ್ತಾರೆ. ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ಅರ್ಜಿ ಇದೆ. ವರ್ಷದಿಂದ ಬೇರೆ ಇದ್ದರೆ ಸಾಕು. ಆರು ತಿಂಗಳ ಕಾಯುವ ಅವಧಿಯನ್ನು ಸರಿಯಾದ ಕಾರಣ ಇದ್ದರೆ ಕೋರ್ಟ್ ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿರಿಯರ ರಾಜಿ ಪತ್ರವನ್ನು ಆ ಅರ್ಜಿಯ ಜೊತೆ ಇಟ್ಟರೆ ಆಗ ಅದಕ್ಕೆ ಬೆಲೆ.

ಸೋಡಚೀಟಿಯಲ್ಲಿ "ಮುಂದೆ ಜೀವನಾಂಶ ಕೇಳುವುದಿಲ್ಲ" ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದನ್ನು ನೋಡಿ ಹೆಣ್ಣುಮಕ್ಕಳು ಹೆದರಿ ಕೂತಿರುತ್ತಾರೆ. ಮಕ್ಕಳ ಜೀವನಾಂಶವನ್ನು ತಾಯಿ ಬರೆದು ಬಿಟ್ಟುಕೊಡಲು ಬರುವುದಿಲ್ಲ, ಅದು ಮಕ್ಕಳ ಹಕ್ಕು. ತನ್ನದನ್ನೂ ಹೀಗೆ ಒಂದು ಸಾಲಿನಲ್ಲಿ ಬಿಟ್ಟುಕೊಟ್ಟಳು ಅಂತ ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ. ಜೀವನಾಂಶಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 125 ಅನ್ನುತ್ತಿದ್ದ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ, ಒಳಗಿನ ವಿಷಯ ಅದೇ. ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟಿನ 2020ರ ರಜನೀಶ್ ನೇಹಾ ತೀರ್ಪು ಹೇಳಿದೆ, ಇಬ್ಬರೂ ಆದಾಯ ಆಸ್ತಿಯ ಬಗ್ಗೆ ಅಫಿಡವಿಟ್ ಕೊಡಬೇಕು ಅಂತಲೂ ಹೇಳಿದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆದೇಶ ಆದ ಮೇಲೆ ಗಂಡ ಕೊಡದಿದ್ದರೆ ಆ ಬಾಕಿಗೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಕೊಟ್ಟಾನು ಕೊಟ್ಟಾನು ಅಂತ ಮೂರು ವರ್ಷ ಕಾದರೆ ಹಳೆಯ ಬಾಕಿಗೆ ಈ ವಸೂಲಿ ದಾರಿ ಮುಚ್ಚಿಹೋಗುತ್ತದೆ.

ವಯಸ್ಸಾದ ತಂದೆತಾಯಿಗೂ ಒಂದು ಮಾತು. ಮಗನಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಊಟ ಹಾಕುತ್ತಿಲ್ಲ ಅಂತ ಬರುವವರಿದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಅಂಥ ದಾನಪತ್ರ ರದ್ದು ಮಾಡಿಸಬಹುದು. ಅರ್ಜಿ ಹಾಕುವುದು ಸಹಾಯಕ ಆಯುಕ್ತರ ಹತ್ತಿರ. ರಾಯಚೂರು ಜಿಲ್ಲೆಯವರಿಗೆ ರಾಯಚೂರು ಅಥವಾ ಲಿಂಗಸುಗೂರು, ಕೊಪ್ಪಳದವರಿಗೆ ಕೊಪ್ಪಳ. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟದ್ದು ಅಂತ ತೋರಿಸಬೇಕಾಗುತ್ತದೆ. ಹಾಗಾಗಿ ದಾನಪತ್ರ ಬರೆಸುವಾಗಲೇ "ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳುವ ಷರತ್ತಿನ ಮೇಲೆ" ಅಂತ ಒಂದು ಸಾಲು ಸೇರಿಸಿ. ಮಗ ಎಷ್ಟೇ ಒಳ್ಳೆಯವನಿರಲಿ, ಸೇರಿಸಿ.

ಅಪಘಾತದ ವಿಷಯ ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಇದರಲ್ಲಿ ಮೊದಲ ಎರಡು ದಿನದಲ್ಲೇ ಎಲ್ಲ ಹಾಳಾಗುತ್ತದೆ. ಕಾರಟಗಿ ಹತ್ತಿರ ನಮ್ಮ ಓಣಿಯ ಒಬ್ಬ ಹುಡುಗನ ಬೈಕಿಗೆ ಭತ್ತದ ಲೋಡಿನ ಗಾಡಿ ಗುದ್ದಿತು. ಗಾಡಿ ಮಾಲೀಕ ಒಳ್ಳೆಯ ಮಾತಾಡಿ, ಖರ್ಚೆಲ್ಲ ನನ್ನದು, ಕೇಸು ಬೇಡ ಅಂದ. ಆಸ್ಪತ್ರೆಗೆ ಕರೆದುಕೊಂಡು ಹೋದವರು, ಪೊಲೀಸ್ ಗೊಡವೆ ಬೇಡ ಅಂತ, "ಬೈಕಿನಿಂದ ತಾನೇ ಬಿದ್ದ" ಅಂತ ಹೇಳಿದರು. ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದರು. ಮೂರನೇ ದಿನ ಹಿರಿಯರು ಕೂತು ಮೂವತ್ತು ಸಾವಿರಕ್ಕೆ ಬಾಂಡ್ ಪೇಪರ್ ಆಯಿತು. ನಾಲ್ಕು ತಿಂಗಳಿಗೆ ಕಾಲಿನ ರಾಡ್ ಸೋಂಕು ತಗುಲಿ ಎರಡನೇ ಆಪರೇಷನ್ ಆಯಿತು. ಮಾಲೀಕ ಫೋನ್ ಎತ್ತಲಿಲ್ಲ. ಆಗ ಎಫ್‌ಐಆರ್ ಮಾಡಿಸಲು ಹೋದರೆ, ಇಷ್ಟು ದಿನ ಎಲ್ಲಿದ್ರಿ ಅಂತ ಪೊಲೀಸರು, ಚೀಟಿಯಲ್ಲಿ ತಾನೇ ಬಿದ್ದ ಅಂತ ಇದೆಯಲ್ಲ ಅಂತ ವಿಮಾ ಕಂಪನಿ. ಆ ಮೂರು ಪದ ಆ ಹುಡುಗನಿಗೆ ಲಕ್ಷಗಟ್ಟಲೆ ನಷ್ಟ ಮಾಡಿದವು.

ಆದ್ದರಿಂದ ಆಸ್ಪತ್ರೆಗೆ ಹೋದ ಕೂಡಲೇ ಹೇಗೆ ಆಯಿತು, ಯಾವ ಗಾಡಿ ಅಂತ ನಿಜ ಹೇಳಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಪ್ರಕರಣ ಅಂತ ಆಸ್ಪತ್ರೆಯ ದಾಖಲೆ, ಮಾಡಿ ಅಂತ ಕೇಳಿ. ಬರೆದದ್ದನ್ನು ಓದಿಸಿಕೊಳ್ಳಿ. ನಾವಿನ್ನೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ದೊಡ್ಡಾಸ್ಪತ್ರೆ ಇರಲಿ, ರಾಯಚೂರಿನ ರಿಮ್ಸ್ ಇರಲಿ, ಖಾಸಗಿ ನರ್ಸಿಂಗ್ ಹೋಮ್ ಇರಲಿ, ಇದು ಎಲ್ಲ ಕಡೆಗೂ ಅನ್ವಯ. ಗಾಡಿಯ ನಂಬರ್ ಫೋಟೋ ತೆಗೆಯಿರಿ. ದುಡ್ಡಿನ ಭಯಕ್ಕೆ ಆಸ್ಪತ್ರೆ ಬಿಟ್ಟು ಬರಬೇಡಿ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ ಏಳು ದಿನ, ಒಂದೂವರೆ ಲಕ್ಷದವರೆಗೆ. ಎಫ್‌ಐಆರ್ ತಡವಾಗಿದ್ದರೂ ಪೂರ್ತಿ ಕೈಬಿಡಬೇಡಿ. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಬೇಕು. ಅಪಘಾತ ಎಲ್ಲೇ ಆಗಿರಲಿ, ನೀವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಬೆಂಗಳೂರಿಗೆ ದುಡಿಯಲು ಹೋದವರಿಗೆ ಅಲ್ಲಿ ಏನಾದರೂ ಆದರೆ ಮನೆಯವರು ಅಲ್ಲಿಗೇ ಓಡಾಡಬೇಕಿಲ್ಲ. ಗಡುವಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಮಿತಿ ಬಂತು. ಆಪರೇಷನ್ ಆಗಿ ಹಾಸಿಗೆ ಹಿಡಿದವನಿಗೆ ಆರು ತಿಂಗಳು ಯಾವ ಲೆಕ್ಕ? ಈ ಮಿತಿಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಕೇಸು ಇದೆ. ತೀರ್ಮಾನ ಆಗುವವರೆಗೆ ತಡವಾಯಿತು ಅಂತ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಆರು ತಿಂಗಳು ದಾಟಿದವರು ಆಸೆ ಬಿಡಬೇಡಿ, ದಾಟದವರು ಆ ಆದೇಶ ನಂಬಿ ಕೂರಬೇಡಿ.

ಮೂವತ್ತು ಸಾವಿರದ ರಾಜಿ ಎಷ್ಟು ಅನ್ಯಾಯ ಅಂತ ಗೊತ್ತಾಗಬೇಕಾದರೆ ಲೆಕ್ಕ ಹಾಕುವುದು ಹೇಗೆ ಅಂತ ತಿಳಿದಿರಬೇಕು. 35 ವರ್ಷದ ಒಬ್ಬ ಗೌಂಡಿ ಲಾರಿ ಗುದ್ದಿ ಸತ್ತ ಅಂದುಕೊಳ್ಳಿ. ತಿಂಗಳಿಗೆ 15 ಸಾವಿರ ಆದಾಯ, ಅಂದರೆ ವರ್ಷಕ್ಕೆ 1,80,000. ಸ್ವಂತ ದುಡಿಮೆಯವ, ನಲವತ್ತರೊಳಗಿನವ, ಹಾಗಾಗಿ ಮುಂದೆ ಆದಾಯ ಹೆಚ್ಚುತ್ತಿತ್ತು ಅಂತ ಶೇ 40 ಸೇರಿಸುತ್ತಾರೆ. 2,52,000 ಆಯಿತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅಂತ ನಾಲ್ಕು ಜನ ಅವನನ್ನು ನಂಬಿದ್ದರೆ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 1,89,000. ವಯಸ್ಸು ನೋಡಿ ಇಷ್ಟು ವರ್ಷದ ದುಡಿಮೆ ಅಂತ ಹಿಡಿಯುವ ಸಂಖ್ಯೆಗೆ ಗುಣಕ ಅನ್ನುತ್ತಾರೆ, 35 ವಯಸ್ಸಿಗೆ ಅದು 16. ಗುಣಿಸಿದರೆ 30,24,000. ಅದರ ಮೇಲೆ ಹೆಂಡತಿ, ಮಕ್ಕಳು, ತಾಯಿಗೆ ತಲಾ 40 ಸಾವಿರ, ಅಂತ್ಯಸಂಸ್ಕಾರಕ್ಕೆ 15 ಸಾವಿರ, ಆಸ್ತಿ ನಷ್ಟಕ್ಕೆ 15 ಸಾವಿರ. ಈ ಮೊತ್ತಗಳು ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನವು, ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತವೆ. ಗುಣಕದ ಪಟ್ಟಿ 2009ರ ಸರಳಾ ವರ್ಮಾ ತೀರ್ಪಿನದು. ಸಂಬಳದ ಚೀಟಿ ಇಲ್ಲ ಅಂತ ಹೆದರಬೇಕಿಲ್ಲ, ಲೋಕ ಅದಾಲತ್‌ಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ, ನಮ್ಮ ಹೈಕೋರ್ಟ್ ಅದನ್ನೇ ಬಳಸುತ್ತದೆ. ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆಲಸಕ್ಕೂ ಹೀಗೇ ಆದಾಯ ಹಿಡಿಯಬೇಕು.

ಗಾಯವಾದರೆ ಡಾಕ್ಟರು ಕೊಡುವ ಶೇಕಡಾ ಒಂದು, ದುಡಿಮೆಗೆ ಆದ ನಷ್ಟ ಇನ್ನೊಂದು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿಗೆ ಮೊಣಕಾಲು ಮಡಚದಂತಾದರೆ, ಸರ್ಟಿಫಿಕೇಟ್‌ನಲ್ಲಿ ಶೇ 30 ಅಂತ ಇರಬಹುದು, ಅವನ ದುಡಿಮೆ ಮಾತ್ರ ಪೂರ್ತಿ ಹೋಯಿತು. ಅದನ್ನೇ ನೋಡಬೇಕು ಅಂತ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅವನು ಏನು ಕೆಲಸ ಮಾಡುತ್ತಿದ್ದ ಅಂತ ಸಾಕ್ಷಿ ಸಮೇತ ಹೇಳುವುದು ವಕೀಲರ ಕೆಲಸ, ವಕೀಲರಿಗೆ ಹೇಳುವುದು ನಿಮ್ಮ ಕೆಲಸ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ವಕೀಲರು ಫೀಸು ಮಾತಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಅದನ್ನು ತಡೆಯುತ್ತದೆ.

ಗಾಡಿ ಗುದ್ದಿ ಓಡಿಹೋಗಿ ನಂಬರ್ ಸಿಗದಿದ್ದರೂ ಸತ್ತರೆ 2 ಲಕ್ಷ, ಭಾರಿ ಗಾಯಕ್ಕೆ 50 ಸಾವಿರ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಕಾರ್ಖಾನೆ ಒಳಗೆ ಕೆಲಸದಲ್ಲಿ ಆದ ಗಾಯಕ್ಕೆ ಇಎಸ್‌ಐ (ಕಾರ್ಮಿಕರ ವಿಮೆ), ಕಾರ್ಮಿಕ ಪರಿಹಾರ ಅಂತ ಬೇರೆ ದಾರಿ.

ಟ್ರ್ಯಾಕ್ಟರ್ ಟ್ರೈಲರ್ ವಿಷಯ ಹೇಳದೆ ಮುಗಿಸಲಾರೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ಮದುವೆ ದಿಬ್ಬಣಕ್ಕೆ, ಜಾತ್ರೆಗೆ ಮೂವತ್ತು ಮೂವತ್ತು ಜನ ಟ್ರೈಲರ್‌ನಲ್ಲಿ ನಿಂತು ಹೋಗುವುದು ನಮ್ಮ ಕಡೆ ದಿನದ ನೋಟ. ಟ್ರ್ಯಾಕ್ಟರಿನ ವಿಮೆ ಕೃಷಿ ಕೆಲಸಕ್ಕೆ. ಜನ ಸಾಗಿಸಲು ಅಲ್ಲ. ಉರುಳಿದರೆ ವಿಮಾ ಕಂಪನಿ ನಮಗೆ ಸಂಬಂಧ ಇಲ್ಲ ಅನ್ನುತ್ತದೆ. ಸರಕು ಗಾಡಿಯಲ್ಲಿ ಸುಮ್ನೆ ಹತ್ತಿದ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ ಅಂತ 2002ರ ಆಶಾ ರಾಣಿ ತೀರ್ಪಿನ ಬಲ ಅದಕ್ಕಿದೆ. ಆಗ ಪರಿಹಾರ ಕೊಡಬೇಕಾದವನು ಟ್ರ್ಯಾಕ್ಟರ್ ಮಾಲೀಕ, ಅವನೂ ನಮ್ಮ ಹಾಗೆ ನಾಲ್ಕು ಎಕರೆ ರೈತ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಕೋರ್ಟ್ ಆದೇಶಿಸಿದ್ದುಂಟು, ಆದರೆ ಅದನ್ನು ನಂಬಿ ಹತ್ತಲಾಗದು. ಕೂಲಿ ಆಳುಗಳಿಗೆ ಪ್ರತ್ಯೇಕ ಪ್ರೀಮಿಯಂ ಕಟ್ಟಿಸಿಕೊಳ್ಳುವ ಪಾಲಿಸಿ ಇದೆಯೇ ಅಂತ ಟ್ರ್ಯಾಕ್ಟರ್ ಇರುವ ಪ್ರತಿಯೊಬ್ಬ ರೈತ ಈ ಸಲ ವಿಮೆ ಕಟ್ಟುವಾಗ ಬಾಯಿಬಿಟ್ಟು ಕೇಳಲಿ.

ದುಡ್ಡಿಲ್ಲ ಅನ್ನುವವರಿಗೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಆದಾಯ ಎಷ್ಟೇ ಇದ್ದರೂ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ. ಫೋನ್ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟ್ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ, ಹಾಗಾಗಿ ಮೊತ್ತ ಒಪ್ಪುವ ಮುಂಚೆ ಮೇಲಿನ ಲೆಕ್ಕ ಒಂದು ಚೀಟಿಯಲ್ಲಿ ಹಾಕಿಕೊಂಡು ಹೋಗಿ. ಕೆಳಗಿನ ಕೋರ್ಟಿನ ತೀರ್ಪು ಒಪ್ಪಿಗೆಯಾಗದೆ ಹೈಕೋರ್ಟಿಗೆ ಹೋಗಬೇಕಾದರೆ ಬೆಂಗಳೂರಿಗೆ ಹೋಗಬೇಕಿಲ್ಲ, ಬಳ್ಳಾರಿ ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಅತ್ತೆಯನ್ನು ತಾಲ್ಲೂಕು ಸಮಿತಿಗೆ ಕರೆದುಕೊಂಡು ಹೋದೆ. ಅಲ್ಲಿ ಕೇಳಿದ್ದು ಮೂರೇ. ಜಮೀನಿನ ಹಳೆಯ ಪಹಣಿ, ಅಜ್ಜನ ಮರಣ ಪ್ರಮಾಣಪತ್ರ, ಆ ಬಾಂಡ್ ಪೇಪರ್. ಪೇಪರ್ ತಿರುಗಿಸಿ ನೋಡಿದ ವಕೀಲರು ನೋಂದಣಿ ನಂಬರ್ ಇಲ್ಲ ಅಂತ ಒಂದೇ ಮಾತು ಹೇಳಿ ವಕಾಲತ್ತು ಮುಂದಿಟ್ಟರು. ಅತ್ತೆ ಇಂಕ್ ಪ್ಯಾಡಿಗೆ ಬೆರಳು ಇಡುವ ಮುಂಚೆ ನನ್ನ ಕಡೆ ತಿರುಗಿ, "ಮೊದಲು ಇದರಲ್ಲಿ ಏನು ಬರೆದಿದೆ ಪೂರ್ತಿ ಓದಿ ಹೇಳು" ಅಂದಳು. ಓದಿ ಹೇಳಿದೆ. ಆಮೇಲೆ ಒತ್ತಿದಳು.